ಏಳು ಅಂಗಡಿ ಸುತ್ತಿದರೂ ಸಿಗದ ಒಂದು ಉಂಡೆ ದಾರ

ನಿಮ್ಮನ್ನ ಯಾರಾದ್ರೂ ಸೀಟಿ ಊದಿ ಅಂಗಡಿಯಿಂದ ಹೊರಗೆ ಎಬ್ಬಿಸಿದ್ದಾರಾ? ನನ್ನನ್ನ ಎಬ್ಬಿಸಿದ್ದಾರೆ. ಒಂದೇ ದಿನದಲ್ಲಿ ಏಳು ಸಲ. ಅದೂ ಐವತ್ತೆರಡನೇ ವಯಸ್ಸಲ್ಲಿ, ಮಂಡಿನೋವು ಇಟ್ಕೊಂಡು, ನಾನಾಗೇ ಹೆಸರು ಕೊಟ್ಟು!

ಇದಕ್ಕೆ ಶಾಪ್ ಹಾಪ್ ಅಂತಾರಂತೆ. ಹೊಲಿಗೆ ಹುಚ್ಚಿರೋ ಹೆಂಗಸರನ್ನೆಲ್ಲ ಒಂದು ವ್ಯಾನಿಗೆ ತುಂಬಿ, ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಕ್ವಿಲ್ಟ್ ಅಂಗಡಿಗಳಿಗೆ ಸುತ್ತಿಸೋದು. (ಕ್ವಿಲ್ಟ್ ಅಂದ್ರೆ ಏನೋ ದೊಡ್ಡದು ಅನ್ಕೋಬೇಡಿ. ನಮ್ಮಜ್ಜಿ ಹಳೇ ಸೀರೆ ಸೇರಿಸಿ ಹೊಲಿದು ಹೊದಿಸ್ತಿದ್ದ ಕೌದಿನೇ. ಶೋಕೇಸ್ ಒಳಗೆ ಹೋದ ಮೇಲೆ ಹೆಸರು ಬದಲಾಯಿಸ್ಕೊಂಡಿದೆ.) ಕೈಗೊಂದು ಕಾರ್ಡ್ ಕೊಡ್ತಾರೆ. ಪ್ರತಿ ಅಂಗಡೀಲೂ ಏನಾದ್ರೂ ಕೊಂಡರೆ ಅದರ ಮೇಲೊಂದು ಸೀಲು. ಏಳೂ ಸೀಲು ಬಿದ್ದೋರ ಹೆಸರು ಲಕ್ಕಿ ಡ್ರಾಗೆ ಹೋಗುತ್ತೆ.

ನಾನ್ಯಾಕೆ ಹೋದೆ? ದಾರಕ್ಕೆ. ನಗಬೇಡಿ, ನಿಜವಾಗ್ಲೂ ಒಂದು ಉಂಡೆ ದಾರಕ್ಕೆ.

ನನ್ನ ಸೋದರತ್ತೆ ಚಿಕ್ಕತಾಯಮ್ಮ ಕವಲಂದೆಯಲ್ಲಿದ್ದಾರೆ. ಎಪ್ಪತ್ತನಾಲ್ಕು ವರ್ಷ. ನಮ್ಮ ಕುಟುಂಬದಲ್ಲಿ ಯಾವ ಮಗು ಹುಟ್ಟಿದರೂ ಅದು ಮೊದಲ ರಾತ್ರಿ ಮಲಗೋದು ಅತ್ತೆ ಹೊಲಿದ ಕೌದಿ ಮೇಲೇ. ನಾನೂ ಅಂಥದ್ದರ ಮೇಲೇ ಮಲಗಿದ್ದು. ಅದಕ್ಕೆ ಹೊಸ ಬಟ್ಟೆ ಹಾಕೋ ಹಾಗಿಲ್ಲ, ಒಗೆದೊಗೆದು ಮೆತ್ತಗಾದ ಹತ್ತಿ ಸೀರೆ, ಪಂಚೆನೇ ಆಗಬೇಕು. ಇನ್ನೊಂದು ಕಟ್ಟುನಿಟ್ಟು ಇದೆ. ಶುರು ಮಾಡಿದ ಕೈಯೇ ಮುಗಿಸಬೇಕು, ಮಧ್ಯದಲ್ಲಿ ಕೈ ಬದಲಾಗಬಾರದು. ಯಾಕೆ ಅಂತ ಕೇಳಿದ್ರೆ, "ಅಂಗೇ ಕಣವ್ವ" ಅಂತಾರೆ. ಅಲ್ಲಿಗೆ ಮುಗೀತು.

ಅತ್ತೆ ಮೊಮ್ಮಗಳಿಗೆ ದಿನ ತುಂಬಿತ್ತು. ಅತ್ತೆಯ ಕಣ್ಣಿನ ಪೊರೆ ಆಪರೇಷನ್ ಎರಡು ಸಲ ಮುಂದಕ್ಕೆ ಹೋಗಿತ್ತು, ಎರಡು ಸಲವೂ ಈ ಕೌದಿಗೋಸ್ಕರವೇ. ಈ ಸಲ ಸೋಮವಾರ ಬೆಳಿಗ್ಗೆ ಅಂತ ಡಾಕ್ಟರು ಖಡಾಖಂಡಿತ ಹೇಳಿಬಿಟ್ಟರು. ಆಮೇಲೆ ತಿಂಗಳಿಗೂ ಮೇಲೆ ಸೂಜಿ ಮುಟ್ಟೋ ಹಾಗಿಲ್ಲ. ಕೌದಿಯ ಮೂರು ಮೂಲೆ ಹೊಲಿದು ಮುಚ್ಚಿಯಾಗಿತ್ತು. ನಾಲ್ಕನೇದಕ್ಕೆ ಬರೋ ಹೊತ್ತಿಗೆ ದಾರ ಖಾಲಿ!

ನಂಜನಗೂಡಲ್ಲಿ ನಾನು ಹುಡುಕದ ಅಂಗಡಿ ಇಲ್ಲ. ಎಲ್ಲಿ ಹೋದರೂ ಮಿಷನ್ ಹೊಲಿಗೆಯ ಪಾಲಿಯೆಸ್ಟರ್ ದಾರ. ಅದನ್ನೇ ಒಂದು ರೀಲು ತೊಗೊಂಡು ಹೋದರೆ ಅತ್ತೆ ಬೆರಳಲ್ಲಿ ಎಳೆದು ನೋಡಿ ವಾಪಸ್ ಕೊಟ್ಟರು. "ಇದು ಅಳೇ ಬಟ್ಟೆನ ಕೊಯ್ದಾಕ್ತದೆ ಕಣವ್ವ. ದಪ್ಪನೆ ಅತ್ತಿ ನೂಲು ಬೇಕು. ನರಸೀಪುರದಲ್ಲಿ ಬಸ್‌ಸ್ಟ್ಯಾಂಡ್ ಇಂದ್ಗಡೆ ಬೀದೀಲಿ ಒಂದು ಅಂಗಡಿ ಅದೆ, ಉಂಡೆ ಕಟ್ಟಿ ಬಾಗ್ಲಿಗೇ ನೇತಾಕಿರ್ತಾನೆ. ಬಾನುವಾರ ಸಂಜೆ ವೊತ್ಗೆ ತಂದ್ಕೊಡು, ರಾತ್ರಿ ಉಣ್ಣೋದ್ರೊಳ್ಗೆ ಮುಗಿಸ್ಬುಡ್ತೀನಿ."

ನೆಟ್ಟಗೆ ಬಸ್ ಹತ್ತಿ ಹೋಗಿದ್ರೆ ಕಥೆ ಮುಗೀತಿತ್ತು. ಆದರೆ ಅದೇ ಭಾನುವಾರಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ ಈ ಶಾಪ್ ಹಾಪ್ ಬಂತು. ನಂಜನಗೂಡು, ಕಳಲೆ, ಟಿ. ನರಸೀಪುರ, ಕೊನೆಗೆ ಮುಡುಕುತೊರೆ ರಸ್ತೆ. ಏಳು ಕ್ವಿಲ್ಟ್ ಅಂಗಡಿ! ಏಳರಲ್ಲಿ ಒಂದು ಕಡೆ ಒಂದು ಉಂಡೆ ದಾರ ಸಿಗಲ್ವಾ? ದಾರವೂ ಆಯ್ತು, ತಿರುಗಾಟವೂ ಆಯ್ತು ಅಂತ ನನ್ನ ಬುದ್ಧಿವಂತಿಕೆಗೆ ನಾನೇ ಖುಷಿಪಟ್ಟೆ.

ಮೊದಲನೇ ಅಂಗಡಿಗೆ ಹೋಗಿ ಕೇಳಿದೆ. "ಕೌದಿ ಹೊಲಿಯೋ ದಪ್ಪ ಹತ್ತಿ ದಾರ ಇದೆಯಾ?"

ಕೌಂಟರ್‌ನಲ್ಲಿದ್ದಾಕೆ ನನ್ನನ್ನ ಮೇಲಿಂದ ಕೆಳಗೆ ನೋಡಿದಳು. "ಹ್ಯಾಂಡ್ ಸ್ಟಿಚ್ಚಿಂಗಾ ಮೇಡಂ? ಅದು ಈಗ ಯಾರೂ ಮಾಡಲ್ಲ. ಕುಶನ್ ಕವರ್ ತೋರಿಸಲಾ?"

ಅಲ್ಲ, ಕೌದಿ ಮಾರೋ ಅಂಗಡೀಲಿ ಕೌದಿ ಹೊಲಿಯೋ ದಾರ ಇಲ್ಲ ಅಂದ್ರೆ ಏನರ್ಥ? ಎರಡನೇ ಅಂಗಡೀಲಿ ಅದೇ ಉತ್ತರ. ಮೂರನೇದ್ರಲ್ಲಿ "ಆನ್‌ಲೈನ್ ಟ್ರೈ ಮಾಡಿ". ಕಳಲೆಯಲ್ಲಿ ಒಂದು ಮನೆಯ ಮುಂಭಾಗವನ್ನೇ ಅಂಗಡಿ ಮಾಡಿದ್ದರು. ಅಲ್ಲಾದ್ರೂ ಸಿಗುತ್ತೆ ಅನ್ಕೊಂಡೆ. ಗೋಡೆ ತುಂಬ ಬಣ್ಣಬಣ್ಣದ ತುಂಡು ಬಟ್ಟೆಗಳು, ಒಂದೊಂದಕ್ಕೂ ರಿಬ್ಬನ್ ಕಟ್ಟಿದ್ದರು. ದಾರ ಎಲ್ಲಿ? "ಅದು ಕಾರ್ಖಾನೆಯಲ್ಲೇ ಹೊಲಿದು ಬರುತ್ತೆ" ಅಂದರು. ಎಲ್ಲಿಯ ಕಾರ್ಖಾನೆ ಅಂತ ಕೇಳೋಷ್ಟರಲ್ಲಿ ಸೀಟಿ!

ಈ ಸೀಟಿ ಸುಮಾ ಮೇಡಂದು. ಟೂರ್ ಮಾಡಿಸ್ತಿದ್ದಾಕೆ. ಒಳ್ಳೇ ಹೆಂಗಸು, ಎಲ್ಲರಿಗೂ ನೀರು, ಮಾತ್ರೆ ಹಂಚ್ತಿದ್ದರು. ಆದರೆ ಒಂದು ಅಂಗಡಿಗೆ ಇಪ್ಪತ್ತು ನಿಮಿಷ ಅಂದ್ರೆ ಇಪ್ಪತ್ತೇ. ಸ್ಕೂಲ್ ಪಿ.ಟಿ. ಪೀರಿಯಡ್‌ನಲ್ಲೂ ನಾನು ಇಷ್ಟು ಓಡಿರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಯಾರಾದ್ರೂ ಬಟ್ಟೆ ನೋಡೋಕಾಗುತ್ತಾ? ನಮ್ಮೂರ ಹೆಂಗಸರಿಗೆ ಕೂತು, ಬಿಚ್ಚಿಸಿ, ಬೆಳಕಿಗೆ ಹಿಡಿದು, ಬೇಡ ಅನ್ನೋಕೇ ಅರ್ಧ ಗಂಟೆ ಬೇಕು. ಇಲ್ಲಿ ಯಾರೂ ಬಟ್ಟೆ ನೋಡ್ತಾನೇ ಇರಲಿಲ್ಲ. ಕೈಗೆ ಸಿಕ್ಕಿದ್ದೊಂದು ಎತ್ಕೊಂಡು, ಬಿಲ್ ಹಾಕಿಸಿ, ಕಾರ್ಡ್ ಮುಂದೆ ಚಾಚೋದು. "ಸೀಲ್ ಹಾಕಿ, ಬೇಗ ಸೀಲ್ ಹಾಕಿ!"

ನಾನು? ನಾನೇನು ಕಮ್ಮಿನಾ? ಐದನೇ ಅಂಗಡಿ ಹೊತ್ತಿಗೆ ನನ್ನ ಚೀಲದಲ್ಲಿ ಎರಡು ಬಿಸಿಪಾತ್ರೆ ಹಿಡಿಯೋ ಬಟ್ಟೆ, ಒಂದು ಮೊಬೈಲ್ ಪೌಚ್, ಬೆಕ್ಕಿನ ಆಕಾರದ ಒಂದು ಪಿನ್ ಕುಶನ್. (ನಮ್ಮನೇಲಿ ಪಿನ್ ಚುಚ್ಚೋದು ಕ್ಯಾಲೆಂಡರ್‌ಗೆ.) ದಾರ ಮಾತ್ರ ಇಲ್ಲ.

ಎಲ್ಲ ಕೆಟ್ಟದು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಪಕ್ಕದ ಸೀಟಿನಲ್ಲಿ ಜಯಶೀಲ ಅಂತ ಒಬ್ಬಾಕೆ ಇದ್ದಳು. ಮನೇಲಿ ನಾಲ್ಕು ಹಸು. ಮದುವೆಯಾದ ಮೇಲೆ ಹಾಲು ಕರೆಯದೆ ಮನೆ ಬಿಟ್ಟಿದ್ದು ಅವತ್ತೇ ಮೊದಲಂತೆ. ನರಸೀಪುರದ ಹೋಟೆಲಿನಲ್ಲಿ ಊಟಕ್ಕೆ ಕೂತಾಗ, "ಅಕ್ಕಾ, ಯಾರೋ ಬಡಿಸಿ, ನಾನು ಕೂತ್ಕಂಡು ತಿನ್ನೋದು ಎಷ್ಟ್ ಚೆಂದಾಗದೆ ಅಲ್ವಾ" ಅಂದಳು. ಅವಳಿಗೆ ಅಂಗಡಿ ಯಾವುದಾದರೇನು? ಅಂಗಡಿಯ ನೆಪ ಇಲ್ಲದಿದ್ರೆ ನಮ್ಮ ಮನೆಗಳಲ್ಲಿ ಹೆಂಗಸರನ್ನ ಒಂದು ದಿನ ಹೊರಗೆ ಕಳಿಸ್ತಾರಾ? ಹಾಗೆ ನೋಡಿದ್ರೆ ಅವಳ ಮಟ್ಟಿಗೆ ಶಾಪ್ ಹಾಪ್ ಸಾರ್ಥಕ. ಒಪ್ಪಿಕೊಳ್ತೀನಿ.

ಆರನೇ ಅಂಗಡಿಯೂ ಆಯ್ತು. ದಾರ ಇಲ್ಲ, ಸೀಲು ಇದೆ. ವ್ಯಾನು ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಗೆ ತಿರುಗ್ತು. ತಲೆ ಎತ್ತಿ ನೋಡ್ತೀನಿ, ಅತ್ತೆ ಹೇಳಿದ ಅಂಗಡಿ! ಬಾಗಿಲಿಗೆ ಬಿಳೀದು, ಕೆಂಪು, ನೀಲಿ ದಾರದ ಉಂಡೆಗಳು ನೇತಾಡ್ತಿವೆ. ಅಂಗಡಿಯವನು ಸ್ಟೂಲ್ ಮೇಲೆ ಕೂತು ಪೇಪರ್ ಓದ್ತಿದ್ದಾನೆ.

ಆಗಲೇ ಡ್ರೈವರ್ ಮಾದೇವಣ್ಣ ಗಾಡಿ ನಿಧಾನ ಮಾಡಿ ಹಿಂದಕ್ಕೆ ತಿರುಗಿದ. "ಅಮ್ಮಾ, ಯಾರ್ಗಾದ್ರೂ ಇಲ್ಲಿ ಏನಾದ್ರೂ ಬೇಕಾ? ಐದು ನಿಮ್ಸ ನಿಲ್ಲುಸ್ತೀನಿ. ನಾನೂ ಒಂದ್ ಟೀ ಕುಡೀತೀನಿ."

ಸುಮಾ ಮೇಡಂ ಗಡಿಯಾರ ನೋಡಿದರು. "ಏಳನೇ ಅಂಗಡಿ ಐದಕ್ಕೆ ಬಾಗಿಲು ಹಾಕ್ತಾರೆ. ಲೇಟಾದ್ರೆ ಸೀಲ್ ಇಲ್ಲ, ಯಾರಿಗೂ ಇಲ್ಲ. ತುಂಬಾ ಅರ್ಜೆಂಟ್ ಇರೋರು ಹೇಳಿ."

ಎಲ್ಲರೂ ತಮ್ಮ ತಮ್ಮ ಕಾರ್ಡ್ ನೋಡ್ಕೊಂಡರು. ನನ್ನ ಕೈಯಲ್ಲಿ ಆರು ಸೀಲಿನ ಕಾರ್ಡು. ಬಾಯಿವರೆಗೆ ಬಂದ ಮಾತು ಅಲ್ಲೇ ನಿಂತಿತು. ಬರ್ತಾ ಇದೇ ದಾರಿ ತಾನೇ, ಆಗ ತೊಗೊಂಡ್ರಾಯ್ತು ಅನ್ಕೊಂಡೆ. ಇಷ್ಟು ಜನರ ಸೀಲು ನನ್ನಿಂದ ತಪ್ಪೋದು ಬೇಡ ಅಂತಾನೂ ಅನ್ಕೊಂಡೆ. (ಜನರ ಸೀಲಂತೆ! ಥೂ ನನ್ನ!) ವ್ಯಾನು ಮುಂದಕ್ಕೆ ಹೋಯ್ತು.

ಏಳನೇ ಅಂಗಡೀಲೂ ದಾರ ಇಲ್ಲ, ಸೀಲು ಮಾತ್ರ ಬಿತ್ತು. ಬರುವಾಗ ಏನಾಗಿತ್ತು ಅಂತ ನಿಮಗೇ ಗೊತ್ತಲ್ಲ. ದಾರದ ಅಂಗಡಿಗೆ ಶಟರ್ ಎಳೆದು ಬೀಗ.

ಇಷ್ಟು ಸಾಲದು ಅಂತ ಲಕ್ಕಿ ಡ್ರಾನಲ್ಲಿ ನನ್ನ ಹೆಸರೇ ಬರಬೇಕಾ? ಎಲ್ಲರೂ ಚಪ್ಪಾಳೆ ತಟ್ಟಿದರು. ಬಹುಮಾನ ಒಂದು ಬೇಬಿ ಕ್ವಿಲ್ಟ್. ಪ್ಲಾಸ್ಟಿಕ್ ಕವರಿನಲ್ಲಿ, ಗುಲಾಬಿ ಬಣ್ಣದ್ದು, ಮೇಲೆ ಆನೆಮರಿಗಳು. ಅದನ್ನೇ ಹಿಡ್ಕೊಂಡು ಕವಲಂದೆಗೆ ಹೋದೆ. ಅತ್ತೆ ಜಗಲಿ ಮೇಲೆ ಕೌದಿ ಹರಡಿ, ಸೂಜಿ ಡಬ್ಬಿ ಪಕ್ಕದಲ್ಲಿಟ್ಕೊಂಡು ಕಾಯ್ತಾ ಕೂತಿದ್ದರು.

"ತಂದ್ಯಾ?"

"ಇಲ್ಲ ಅತ್ತೆ. ನಿಮ್ಮ ಅಂಗಡಿ ಮುಂದೇನೇ ಹೋಯ್ತು. ಆದರೆ ಅವರು ವ್ಯಾನ್ ನಿಲ್ಲಿಸಲಿಲ್ಲ."

ಎಷ್ಟು ಸರಾಗವಾಗಿ ಬಂತು ನೋಡಿ ಸುಳ್ಳು! ಅತ್ತೆ ಬೈದಿದ್ರೆ ನೆಮ್ಮದಿಯಾಗ್ತಿತ್ತು. "ಓಗ್ಲಿ ಬುಡು, ನೀನೇನ್ ಮಾಡೀಯ" ಅಂದರು. ಬಹುಮಾನದ ಕ್ವಿಲ್ಟನ್ನ ಒಂದು ಸಲ ಸವರಿ ನೋಡಿದರು. ಕೌದಿ ಮಡಚಿ ಒಳಗಿಟ್ಟರು.

ಸೋಮವಾರ ಆಪರೇಷನ್ ಆಯ್ತು. ಬುಧವಾರ ನಾನು ಬಸ್ಸಿನಲ್ಲಿ ಹೋಗಿ ದಾರ ತಂದೆ, ಒಂದಲ್ಲ, ನಾಲ್ಕು ಉಂಡೆ. ಏನು ಪ್ರಯೋಜನ? ಅವರು ಸೂಜಿ ಮುಟ್ಟೋ ಹಾಗಿಲ್ಲ, ಬೇರೆಯವರು ಮುಟ್ಟೋದಕ್ಕೆ ಅವರು ಬಿಡಲ್ಲ. ಹತ್ತೇ ದಿನಕ್ಕೆ ಮಗು ಹುಟ್ಟಿತು, ಹೆಣ್ಣು ಮಗು. ಮೊದಲ ರಾತ್ರಿ ಆ ಆನೆಮರಿ ಕ್ವಿಲ್ಟ್ ಮೇಲೆ ಮಲಗಿಸಿದರು. ಬೆಳಗಾಗೋದ್ರಲ್ಲಿ ಕತ್ತು, ಬೆನ್ನೆಲ್ಲ ಬೆವರುಸಾಲೆ. ಒಳಗಡೆ ಪೂರ್ತಿ ಪಾಲಿಯೆಸ್ಟರ್! ಅದನ್ನ ಬಿಸಾಕಿ ಒಂದು ಹಳೇ ಪಂಚೆ ಹಾಸಿದರು.

ಹೋದ ಭಾನುವಾರ ನಾಮಕರಣ. ಅತ್ತೆ ಕರಿ ಕನ್ನಡಕ ಹಾಕ್ಕೊಂಡು ತೊಟ್ಟಿಲ ಪಕ್ಕ ಕೂತಿದ್ದರು. "ಈ ಮನೇಲಿ ಇದೊಂದು ಕೂಸ್ಗೆ ತಪ್ಪೋಯ್ತು ಕಣವ್ವ" ಅಂದರು. ಆಮೇಲೆ ತೊಟ್ಟಿಲು ತೂಗ್ತಾನೇ ಕೇಳಿದರು. "ಅಲ್ಲಾ, ಅವತ್ತು ನಿಲ್ಲುಸು ಅಂತ ನೀನು ಕೇಳ್ದ್ಯಾ?"

ಕೇಳಿದೆ ಅತ್ತೆ, ಅವರು ಒಪ್ಪಲಿಲ್ಲ ಅಂದೆ. ಎರಡನೇ ಸುಳ್ಳು ಇನ್ನೂ ಸಲೀಸಾಗಿ ಬಂತು.

ನಿನ್ನೆ ಡಾಕ್ಟರು ಅತ್ತೆಗೆ ಓದೋ ಕನ್ನಡಕ ಕೊಟ್ಟಿದ್ದಾರೆ. ಎಷ್ಟೋ ವರ್ಷ ಆದ ಮೇಲೆ ಪೇಪರನ್ನ ಮೊದಲಿಂದ ಕೊನೇವರೆಗೆ ತಾವೇ ಓದ್ತೀನಿ ಅಂತ ಫೋನ್ ಮಾಡಿ ಸಂಭ್ರಮಪಟ್ಟರು. "ಪೇಪರ್‌ನಲ್ಲಿ ನೀನ್ ಬರ್ಯೋದ್ನೂ ಓದ್ತೀನಿ ಕಣವ್ವ" ಅಂದರು.

ಓದಿ ಅತ್ತೆ. ವ್ಯಾನು ನಿಲ್ತಿತ್ತು. ಬಾಯಿ ಬಿಡದೇ ಕೂತಿದ್ದು ನಾನೇ.