ರೈಲ್‌ಬಸ್ಸು ಮೇಳಿಗೆಗೆ ಹೋದದ್ದು

ಆನಂದಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದಾಗ ನಾನು ಸಾಗರದಿಂದ ದಿನಾ ರೈಲ್‌ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಹಳಿಯ ಮೇಲೆ ಓಡುವ ಬಸ್ಸು ಅದು. ಹಳಿ ಅಗಲ ಮಾಡಿದ ಮೇಲೆ ತಾಳಗುಪ್ಪಕ್ಕೆ ದೊಡ್ಡ ರೈಲು ಬಂತು, ರೈಲ್‌ಬಸ್ಸು ಹೋಯಿತು. ರಿಟೈರ್ ಆದ ಮೇಲೆ ಒಂದು ದಿನ ಮೊಬೈಲಿನಲ್ಲಿ ಯಾರೋ ಹೂದೋಟದೊಳಗೆ ಮೊಳದುದ್ದದ ರೈಲು ಓಡಿಸುವುದನ್ನು ನೋಡಿದೆ. ನನ್ನ ಅಂಗಳದಲ್ಲಿ ರೈಲ್‌ಬಸ್ಸು ಓಡಬೇಕೆಂಬ ಹುಚ್ಚು ಹತ್ತಿತು.

ಹೊಸನಗರದಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿರುವ ಅಕ್ಕನ ಗಂಡನಿಗೆ ಹೇಳಿದೆ. "ಚಿತ್ರ ಬರೆದು ಕೊಡು ಮಾರಾಯ್ತಿ, ಮಿಕ್ಕಿದ್ದು ನಾನು ನೋಡ್ಕೊಳ್ತೀನಿ" ಅಂದರು ಭಾವ. ನೆನಪಿನಿಂದಲೇ ಬರೆದೆ. ಅವರು ತಗಡು ಕತ್ತರಿಸಿ ಬೆಸೆದರು, ಮೋಟಾರು, ಬ್ಯಾಟರಿ ಕೂರಿಸಿದರು. ಸೀಟು, ಕಿಟಕಿ, ಬಣ್ಣ, ಒಳಗಿನ ಪುಟ್ಟ ಪ್ರಯಾಣಿಕರು ನನ್ನ ಪಾಲು. ಬೇಸಿಗೆಯ ಭಾನುವಾರಗಳಲ್ಲಿ ಇಬ್ಬರೂ ಸೇರಿ ದಾಸವಾಳದ ಗಿಡಗಳ ಸುತ್ತ ಜಲ್ಲಿ ಹಾಸಿ ಹಳಿ ಜೋಡಿಸಿದೆವು. ಅದು ಮೊದಲ ಸುತ್ತು ಬಂದಾಗ ಭಾವ ಚಪ್ಪಾಳೆ ತಟ್ಟಿ ಕುಣಿದೇಬಿಟ್ಟರು. ಅಂಥವರ ಮೇಲೆ ಅನುಮಾನ ಬರುವುದಾದರೂ ಹೇಗೆ?

ಮಳೆಗಾಲಕ್ಕೆ ಮುಂಚೆ, "ಇಲ್ಲಿದ್ರೆ ತುಕ್ಕು ಹಿಡೀತದೆ, ನನ್ನ ಶೆಡ್ಡಲ್ಲಿಡ್ತೀನಿ" ಎಂದು ಹಳಿ ಸಮೇತ ಒಯ್ದರು. ದೀಪಾವಳಿ ಕಳೆದರೂ ವಾಪಸ್ ಬರಲಿಲ್ಲ. ಕೇಳಿದಾಗಲೆಲ್ಲ ಮೋಟಾರು ಸುಟ್ಟಿದೆ, ಹೊಸದು ಬರಬೇಕು ಎನ್ನುತ್ತಿದ್ದರು.

ಆ ಚಳಿಗಾಲದಲ್ಲಿ ಗೆಳತಿಯ ಮಗಳ ನಿಶ್ಚಿತಾರ್ಥಕ್ಕೆ ತೀರ್ಥಹಳ್ಳಿ ಕಡೆ, ಮೇಳಿಗೆ ಹತ್ತಿರದ ರೆಸಾರ್ಟಿಗೆ ಹೋದೆ. ಊಟ ಮುಗಿಸಿ ಕೈ ತೊಳೆದು ಬರುವಾಗ ಹುಲ್ಲುಹಾಸಿನಲ್ಲಿ ಮಕ್ಕಳ ಗಲಾಟೆ. ನೋಡಿದರೆ ನಮ್ಮ ರೈಲ್‌ಬಸ್ಸು! ಕಿಟಕಿ ಪಕ್ಕ ಹಸಿರು ಸೀರೆಯ ಟೀಚರ್ ಕೂತಿದ್ದಳು. ನನ್ನನ್ನೇ ನೆನೆದು ನಾನು ಮಾಡಿದ ಗೊಂಬೆ ಅದು. ಹಳಿಯ ಪಕ್ಕದ ಬೋರ್ಡಿನಲ್ಲಿ 'ಕಲ್ಪನೆ ಮತ್ತು ನಿರ್ಮಾಣ' ಎಂದು ಬರೆದು ಭಾವನ ಹೆಸರೊಂದನ್ನೇ ಹಾಕಿದ್ದರು.

ಅಕ್ಕನಿಗೆ ಫೋನ್ ಮಾಡಿದೆ. "ನಿಂಗೆ ಹೇಳ್ಬೇಡ ಅಂದಿದ್ರು ಕಣೇ" ಅಂದಳು. ಬೋರ್ಡಿಗಿಂತ ಆ ಮಾತೇ ನನ್ನನ್ನು ಹೆಚ್ಚು ಸುಟ್ಟಿತು. ಇಷ್ಟು ತಿಂಗಳು ಮೋಟಾರಿನ ಸುಳ್ಳಿಗೆ ಅವಳೂ ಹೂಂಗುಟ್ಟಿದ್ದಳು.

ಮರುದಿನ ಭಾವ ಮನೆಗೆ ಬಂದರು.

"ಇನ್ನೊಂದು ಮಾಡಿಕೊಡ್ತೀನಿ ಮಾರಾಯ್ತಿ, ಇದಕ್ಕಿಂತ ಚಂದದ್ದು."

"ಇನ್ನೊಂದು ಬೇಡ ಭಾವ. ಆ ಬೋರ್ಡಲ್ಲಿ ನನ್ನ ಹೆಸರೂ ಬರೆಸಿ."

"ನಾನೊಬ್ನೇ ಮಾಡಿದ್ದು ಅಂತ ಹೇಳಿ ರೆಸಾರ್ಟಿನವ್ರಿಗೆ ಮಾರಿಯಾಗಿದೆ. ಈಗ ಬೇರೆ ಎಂತ ಹೇಳ್ಲಿ? ಅದನ್ನ ನೋಡಿ ಬೇರೆ ಕಡೆಯಿಂದ್ಲೂ ಕರೀತಿದಾರೆ."

ಕಾಫಿ ಕೊಟ್ಟೆ. ಕುಡಿದು ಹೋದರು. ಬೋರ್ಡು ಹಾಗೇ ಇದೆಯೆಂದು ಗೆಳತಿ ಆಮೇಲೊಮ್ಮೆ ಹೇಳಿದಳು.

ಅಕ್ಕ ಈಗಲೂ ಫೋನ್ ಮಾಡುತ್ತಾಳೆ. ಮಿಡಿ ಉಪ್ಪಿನಕಾಯಿ, ಮೊಣಕಾಲು ನೋವು ಎಂದು ಮಾತಾಡುತ್ತೇವೆ. "ಭಾವ ಇಲ್ಲೇ ಇದಾರೆ, ಕೊಡ್ಲಾ?" ಎಂದು ಕೇಳಿದರೆ ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎನ್ನುತ್ತೇನೆ.