ಮಡಚದೆ ಬಿಟ್ಟ ಹಿಡಿ

ನಾನು ನಿಂತಿದ್ದು ಸಿಂಗಾನಲ್ಲೂರು ಕೆರೆಯ ದಾರಿಯಲ್ಲಿ, ನಂಜಣ್ಣನ ಸೈಕಲ್ ಅಂಗಡಿಯ ತಗಡಿನ ನೆರಳಿಗೆ ಎರಡು ಹೆಜ್ಜೆ ಈಚೆ. ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷವಿತ್ತು. ನಾಲ್ಕು ವರ್ಷವಾಯಿತು. ಇವತ್ತು ಅಪಾರ್ಟ್‌ಮೆಂಟಿನ ಕೆಳಗೆ ಯಾರದೋ ದುಬಾರಿ ಸೈಕಲ್ಲಿನ ಮುಂಚಕ್ರದಲ್ಲಿ ಅಂಥದೇ ಹಿಡಿ ಕಂಡು, ಬಗ್ಗಿ ಅದು ಮಡಚಿದೆಯೇ ಎಂದು ನೋಡಿದೆ.

ನಿಮಗೆ ಗೊತ್ತಿರಬಹುದು. ಹಳೆ ಸೈಕಲ್ಲಿನ ಚಕ್ರಕ್ಕೆ ನಟ್ಟು. ಹೊಸದಕ್ಕೆ ಬೆರಳುದ್ದದ ಹಿಡಿ. ಅದನ್ನು ನಟ್ಟಿನಂತೆ ತಿರುಗಿಸಿದರೆ ಸಾಲದು, ಕೊನೆಗೆ ಒತ್ತಿ ಮಡಚಿದರೇ ಚಕ್ರ ಬಿಗಿಯಾಗುವುದು. ನಮ್ಮ ಮೇಲಧಿಕಾರಿಗೆ ಇದು ಗೊತ್ತಿರಲಿಲ್ಲ. ಮೈಸೂರಿನಿಂದ ಬಂದು ಮೋಟಾರು ಕಂಪನಿಯಲ್ಲಿ ದೊಡ್ಡ ಎಂಜಿನಿಯರಾಗಿದ್ದವರು. ಹೆಲ್ಮೆಟ್, ಕೈಗವಸು, ಕಪ್ಪು ಕನ್ನಡಕ. ಆರು ಕಿಲೋಮೀಟರ್ ದೂರದ ಆಫೀಸಿಗೆ ಹಿಮಾಲಯ ಹತ್ತುವವರ ಸಿದ್ಧತೆ. ನಾನು ಅಪ್ಪನ ಹಳೆ ಸೈಕಲ್ಲಿನಲ್ಲಿ, ಎಲ್ಲಿ ಅವರನ್ನು ದಾಟಿಬಿಡುತ್ತೇನೋ ಎಂಬ ಭಯದಲ್ಲಿ ನಿಧಾನವಾಗಿ ತುಳಿಯುತ್ತಿದ್ದೆ.

ಅಂದು ಅವರ ಚಕ್ರಕ್ಕೆ ಗಾಳಿ ಹೊಡೆಸಲು ನಿಂತೆವು. ಗಾಳಿ ತುಂಬಿ ಮುಗಿಸಿದ ನಂಜಣ್ಣ ಏಳದೆ ಹಿಡಿಯನ್ನೇ ನೋಡುತ್ತ ಕೂತ.

"ಸಾರ್, ಚಕ್ರ ಯಾರುಂಗ ಹಾಕಿದ್ದು?"

"ನಾನೇ. ವಿಡಿಯೋ ನೋಡಿ."

"ಇದು ಮಡಚಿಲ್ಲೀಂಗ. ಸುಮ್ಮ ತಿರುಗಿಸಿ ಬಿಟ್ಟಿದ್ದೀರ. ಒಂದು ನಿಮಿಷ ನಿಲ್ಲಿ, ಸರಿ ಮಾಡಿ ಕೊಡ್ತೀನುಂಗ."

"ಮುಟ್ಟಬೇಡ! ಇದು ನಿನ್ನ ಹಾಲಿನ ಕ್ಯಾನ್ ಸೈಕಲ್ ಅಲ್ಲ. ಮೊದಲು ಕನ್ನಡ ನೆಟ್ಟಗೆ ಮಾತಾಡೋದು ಕಲಿ."

ನಾನು ನಕ್ಕೆ. ಇಲ್ಲಿನ ಕನ್ನಡ ನೇಯ್ಗೆಯವರ ಮನೆಯವನು ನಾನು. ನಮ್ಮ ಅಡುಗೆಮನೆಯ ಕನ್ನಡವೂ ಅದೇ, ತಮಿಳು ಬೆರೆತದ್ದು. ಆದರೂ ನಕ್ಕೆ.

ಇಪ್ಪತ್ತು ಮಾರು ಮುಂದೆ ರಸ್ತೆ ಉಬ್ಬು. ಸೈಕಲ್ ಎಗರಿತು. ಮುಂಚಕ್ರ ತಾನೊಂದೇ ಆಫೀಸಿಗೆ ಹೊರಟಂತೆ ಉರುಳಿತು. ಸಾಹೇಬರು ಮುಖ ಅಡಿಯಾಗಿ ಬಿದ್ದರು. ಎರಡು ಹಲ್ಲು ಹೋದವು, ಒಂದು ಮಣಿಕಟ್ಟು ಮುರಿಯಿತು. ಓಡಿಹೋಗಿ ಎತ್ತಿದವನು ನಂಜಣ್ಣ. ಅವನತ್ತಲೇ ಬೆರಳು ತೋರಿಸಿ, ರಕ್ತದ ಬಾಯಲ್ಲಿ, "ಇವನೇ ಸಡಿಲ ಮಾಡಿದ್ದು" ಎಂದರು.

ಜನ ಸೇರಿದರು. ನಂಜಣ್ಣ ನನ್ನ ಕಡೆ ತಿರುಗಿದ.

"ನೀ ಹೇಳು ತಂಬಿ. ಪಕ್ಕದಲ್ಲೇ ತಾನೆ ನಿಂತಿದ್ದೆ? ನಾ ಮುಟ್ಟಿದ್ನಾ?"

ಬಡ್ತಿಯ ಪಟ್ಟಿ ಸಾಹೇಬರ ಮೇಜಿನ ಮೇಲಿತ್ತು. "ಸರಿಯಾಗಿ ನೋಡಲಿಲ್ಲಣ್ಣ" ಎಂದೆ.

ಅಷ್ಟು ಸಾಕಾಯಿತು. ಆ ದಾರಿಯ ಜನ ನಂಜಣ್ಣನ ಕೈಗೆ ಸೈಕಲ್ ಕೊಡುವುದನ್ನು ನಿಲ್ಲಿಸಿದರು. ಆರು ತಿಂಗಳಿಗೆ ಅಂಗಡಿ ಮುಚ್ಚಿತು. ನನಗೆ ಬಡ್ತಿ ಬಂತು, ಸ್ಕೂಟರ್ ಬಂತು, ಸಣ್ಣ ಹೊಟ್ಟೆಯೂ ಬಂತು.

ನಂಜಣ್ಣ ಹಿಡಿಯನ್ನು ಮುಟ್ಟಲಿಲ್ಲ. ಇವತ್ತು ಇದನ್ನು ಬರೆದು ಸಹಿ ಹಾಕಿದ್ದೇನೆ. ಇಂಥವನ ಮಾತು ನಂಬುವುದು ಹೇಗೆ ಎಂದು ನೀವು ಕೇಳಿದರೆ ಅದು ನ್ಯಾಯವೇ. ಎದುರು ಬೇಕರಿಯ ಟೀ ಮಾಸ್ಟರ್ ಪಳನಿ ನೋಡಿದ್ದಾನೆ. ಇಡ್ಲಿ ಮಾರುವ ಸರೋಜಕ್ಕ ನೋಡಿದ್ದಾರೆ. ಇಬ್ಬರೂ ಈಗಲೂ ಅಲ್ಲೇ ಇದ್ದಾರೆ; ಅಂದು ಅವರನ್ನು ಯಾರೂ ಕೇಳಲಿಲ್ಲ. ಆನೈಮಲೈ ಊರಿನಲ್ಲಿ, ತನ್ನ ಮಗಳ ಮನೆಯಲ್ಲಿ ನಂಜಣ್ಣನೂ ಇದ್ದಾನೆ. ಅಂದು ಅವನು ನೋಡಿದ್ದು, ಪಕ್ಕದಲ್ಲೇ ನಿಂತು ಎಲ್ಲ ನೋಡುತ್ತಿದ್ದ ನನ್ನನ್ನು.