ಪಾನಕ ಮುಗಿದ ಕೊಡ

ನಮ್ಮ ಮನೆಯಲ್ಲಿ ಖಾಲಿ ಕೊಡಗಳನ್ನು ಬೋರಲು ಹಾಕಿಡುವವನು ನಾನು. ಅಡುಗೆಮನೆಯ ಬೇರೆ ಯಾವ ಕೆಲಸಕ್ಕೂ ಕೈಹಾಕದ ಗಂಡಸು ಇದೊಂದನ್ನು ಇಷ್ಟು ಶ್ರದ್ಧೆಯಿಂದ ಮಾಡುವುದನ್ನು ಕಂಡು ನನ್ನ ಹೆಂಡತಿ ಮೊದಮೊದಲು ಸಂತೋಷಪಟ್ಟಳು, ಆಮೇಲೆ ಅನುಮಾನಪಟ್ಟಳು, ಈಗ ಕೈಬಿಟ್ಟಿದ್ದಾಳೆ. ಬಂದ ನೆಂಟರಿಗೆ "ಇವರಿಗೆ ಕೊಡದೊಳಗೆ ಹಲ್ಲಿ ಬೀಳುತ್ತೆ ಅಂತ ಭಯ" ಎನ್ನುತ್ತಾಳೆ. ನಾನೂ ತಲೆಯಾಡಿಸುತ್ತೇನೆ. ಹಲ್ಲಿ ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ನಿಜವಾದ ಕಾರಣ ಹೇಳಲು ಹೋದರೆ ನೀಲಕ್ಕನ ಕತೆಯನ್ನೆಲ್ಲ ಹೇಳಬೇಕಾಗುತ್ತದೆ, ಕೇಳಿದವರು ನಮ್ಮ ಮನೆಯಲ್ಲಿ ನೀರು ಕುಡಿಯಲು ಹಿಂದೆಮುಂದೆ ನೋಡಿಯಾರು. ನಿಮಗಾದರೆ ಹೇಳಬಹುದು, ನೀವು ದೂರದಲ್ಲಿದ್ದೀರಿ.

ಐವತ್ತರ ದಶಕದ ಕೊನೆಯಲ್ಲಿ ನಾನು ಶಿರಾಳಕೊಪ್ಪದಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಸಂಗೀತದ ಹುಚ್ಚು ವಿಪರೀತ, ಕಂಠ ಮಾತ್ರ ಸೊನ್ನೆ. ಸ್ನಾನ ಮಾಡುತ್ತಾ ಹಾಡಿಕೊಂಡರೆ ಪಕ್ಕದ ಮನೆಯವರು ಗೋಡೆಯಾಚೆಯಿಂದ "ಏನಾಯ್ತ್ರೀ ಮೇಷ್ಟ್ರೇ, ಜಾರಿಬಿದ್ರಾ?" ಎಂದು ಕೇಳಿದ್ದುಂಟು. ಹೀಗಾಗಿ ಹಾಡುವವರ ಹಿಂದೆ ಅಲೆಯುವುದಷ್ಟೇ ನನ್ನ ಪಾಲಿಗೆ ಬಂದ ಸಂಗೀತ. ರಜೆ ಬಂತೆಂದರೆ ಬಸ್ಸಿನಲ್ಲಿ ಕೋಳಿಬುಟ್ಟಿಗಳ ನಡುವೆ ಒಂಟಿಕಾಲಿನಲ್ಲಿ ನಿಂತು ಸೊರಬದ ಕಡೆಯ ಕುಬಟೂರಿಗೆ ಹೋಗುತ್ತಿದ್ದೆ. ಅಲ್ಲಿಯ ಹಳೆಯ ಗುಡಿಗಳನ್ನು ನೋಡಲು ಹೋಗುತ್ತಾನೆ, ಪಾಪ, ಇತಿಹಾಸದ ಆಸಕ್ತಿ ಎಂದು ನಮ್ಮ ಹೆಡ್‌ಮಾಸ್ತರರು ತಿಳಿದಿದ್ದರು. ಹೋಗುತ್ತಿದ್ದದ್ದು ಗವಾಯಿಗಳ ಮನೆಗೆ.

ಆ ಮನೆಯ ಹೆಸರು ಕೇಳದವರು ಆಗ ನಮ್ಮ ಸೀಮೆಯಲ್ಲಿ ಇರಲಿಲ್ಲ. ದೊಡ್ಡ ಗವಾಯಿಗಳು ಎಂದೇ ಹೆಸರಾಗಿದ್ದ ಅಜ್ಜ ನಾಟಕದ ಕಂಪನಿಗಳಲ್ಲಿ ಹಾಡಿ, ಸಂಸ್ಥಾನಗಳಲ್ಲಿ ಹಾಡಿ ಶಾಲು ಹೊದ್ದು ಬಂದವರು. ಅದು ಮೈಕಿಲ್ಲದ ಕಾಲ. ಕೊನೆಯ ಸಾಲಿನಲ್ಲಿ ಕಡಲೆಕಾಯಿ ತಿನ್ನುವವನಿಗೂ ಕೇಳಬೇಕಲ್ಲ, ಅದಕ್ಕೆ ಅವರ ಶ್ರುತಿ ಬಲು ಮೇಲಿನದು, ಹಾರ್ಮೋನಿಯಮ್ಮಿನ ನಾಲ್ಕನೆಯ ಕರಿ ಮನೆ, ಹಾಡುವವರ ಮಾತಿನಲ್ಲಿ ಕರಿ ನಾಲ್ಕು. ಅವರು ತೀರಿಕೊಂಡ ಮೇಲೆ ಅವರ ತಂಬೂರಿಯನ್ನು ಯಾರೂ ನುಡಿಸಲಿಲ್ಲ. ಪಡಸಾಲೆಯಲ್ಲಿ ಅವರು ಕೂರುತ್ತಿದ್ದ ಗಾದಿಯ ಮೇಲೆ ಕಂಬಕ್ಕೆ ಒರಗಿಸಿ, ಅದರ ಕೊರಳಿಗೆ ಅವರ ಶಾಲು ಹಾಕಿಟ್ಟಿದ್ದರು. ದೂರದಿಂದ ನೋಡಿದರೆ ಯಾರೋ ಸಣಕಲು ಯಜಮಾನರು ತಲೆತಗ್ಗಿಸಿ ಕೂತಂತೆ ಕಾಣುತ್ತಿತ್ತು. ಮೊದಲ ಸಲ ಹೋದಾಗ ನಾನು ಅದಕ್ಕೆ ನಮಸ್ಕಾರ ಮಾಡಿ, ಅದು ಮಾತಾಡಲಿಲ್ಲವಲ್ಲ ಎಂದು ಬೇಸರಪಟ್ಟುಕೊಂಡಿದ್ದೆ.

ವರ್ಷಕ್ಕೊಮ್ಮೆ ಅಜ್ಜನ ಪುಣ್ಯತಿಥಿಯ ಮಧ್ಯಾಹ್ನ ಮನೆಯ ಹಾಡುಗಾರರು ಆ ತಂಬೂರಿಯ ಎದುರು ಕೂತು ಹಾಡಬೇಕು. ದನಿ ಸರಿಯಾಗಿ ಕೂತರೆ, ಯಾರೂ ಮುಟ್ಟದ ತಂಬೂರಿ ತಾನಾಗಿ ಗುಂಯ್ ಎನ್ನುತ್ತಿತ್ತು. ಇದಕ್ಕೆ ಅವರು "ಅಜ್ಜ ಹೂಂಗುಟ್ಟೋದು" ಎನ್ನುತ್ತಿದ್ದರು. ಕತೆ ಕೇಳುವವರು ಹೂಂಗುಟ್ಟುತ್ತಾರಲ್ಲ, ಹಾಗೆ. ಅಜ್ಜ ಹೂಂಗುಟ್ಟಿದವರು ಮಾತ್ರ ಆ ಮನೆಯ ಹೆಸರಿನಲ್ಲಿ ಹಾಡಬಹುದು. ಹೂಂಗುಟ್ಟಿಸಿಕೊಳ್ಳದ ಮೊಮ್ಮಕ್ಕಳು ಗದ್ದೆಗೆ ಇಳಿದರು. ಒಬ್ಬಾತ ಶಿರಾಳಕೊಪ್ಪದಲ್ಲಿ ಬಟ್ಟೆ ಅಂಗಡಿ ಇಟ್ಟು, ಹಾಡುವವರಿಗಿಂತ ಸುಖವಾಗಿದ್ದ.

ವಿಜ್ಞಾನದ ಮೇಷ್ಟ್ರು ಸುಮ್ಮನಿರುತ್ತಾನೆಯೇ? ಅಜ್ಜನ ಕಿರಿಯ ಮಗ, ಆಗ ಆ ಮನೆಯ ಯಜಮಾನರಾಗಿದ್ದ ರುದ್ರಪ್ಪನವರನ್ನು ಕೂರಿಸಿಕೊಂಡು ಪಾಠ ಮಾಡಿದೆ. ಒಂದೇ ಶ್ರುತಿಯಲ್ಲಿರುವ ಎರಡು ವಸ್ತುಗಳಲ್ಲಿ ಒಂದು ಮಿಡಿದರೆ ಇನ್ನೊಂದೂ ಮಿಡಿಯುತ್ತದೆ, ಇದು ಅನುರಣನ, ತಂತಿಯನ್ನು ಸದಾ ಕರಿ ನಾಲ್ಕಕ್ಕೆ ಕೂಡಿಸಿಡುತ್ತೀರಿ, ಅದಕ್ಕೇ ಹೀಗೆ ಎಂದೆಲ್ಲ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಪೂರ್ತಿ ಕೇಳಿದರು. "ಇರಬೋದು ಬಿಡ್ರೀ ಮೇಷ್ಟ್ರೇ. ಸತ್ತೋರಿಗೆ ಬಾಯಿಲ್ಲ. ಹೂಂ ಅನ್ಬೇಕು ಅಂದ್ರೆ ಇಂಥದ್ದೇನೋ ಒಂದು ಬೇಕಲ್ಲ ಅವ್ರಿಗೂ?" ಎಂದರು. 

ಆ ತಲೆಮಾರಿನಲ್ಲಿ ಅಜ್ಜನಿಂದ ಹೂಂಗುಟ್ಟಿಸಿಕೊಂಡವರು ನೀಲಕ್ಕ ಒಬ್ಬರೇ. ತೀರಿಹೋದ ಹಿರಿಯ ಮಗನ ಮಗಳು. ತಾಯಿ ಗೌರವ್ವ ಅಡುಗೆಮನೆಯ ಹೊಸ್ತಿಲು ದಾಟಿ ಪಡಸಾಲೆಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಪಾಠ ಹೇಳಿದವರು ಚಿಕ್ಕಪ್ಪ ರುದ್ರಪ್ಪನವರೇ. ಅಜ್ಜನ ಶ್ರುತಿ, ಅಜ್ಜನ ತಾನ, ಅಜ್ಜನ ಹಾಗೆಯೇ ಎಡಗಿವಿಯ ಮೇಲೆ ಕೈ. ನೀಲಕ್ಕ ಹಾವೇರಿ, ಶಿರಸಿ, ದಾವಣಗೆರೆ ಕಡೆಯೆಲ್ಲ ಹಾಡಿ ಹೆಸರು ಮಾಡಿದ್ದರು, ರೇಡಿಯೊದಲ್ಲೂ ಬಂದಿದ್ದರು. ಕಛೇರಿಯಲ್ಲಿ ಮುದುಕರು ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು. ಅದು ತನ್ಮಯತೆ ಎಂದು ನಾನು ತಿಳಿದಿದ್ದೆ. ನೀಲಕ್ಕನೇ ಒಮ್ಮೆ ನಕ್ಕು ಹೇಳಿದರು: "ನನ್ನ ಕೇಳೋಕೆ ಯಾರು ಬರ್ತಾರೆ ಮೇಷ್ಟ್ರೇ? ಸತ್ತೋರನ್ನ ಮಾತಾಡಿಸ್ಕೊಂಡು ಹೋಗೋಕೆ ಬರ್ತಾರೆ. ನಾನು ಬರೀ ಬಾಗ್ಲು ತೆಗೆಯೋಳು." ನನಗೆ ಆ ನಗು ಹಿಡಿಸಲಿಲ್ಲ.

ಆಮೇಲೆ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಮರದಿಂದ ಹಣ್ಣು ಬಿದ್ದ ಹಾಗೆ ಬೀಳುತ್ತಿವೆಯಂತೆ ಎಂದು ಬಸ್ಸಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಹಿಂದೆಯೇ ಸೌದೆ ತರಲು ಹೋದವರಿಗೆ, ದನ ಮೇಯಿಸಿದವರಿಗೆ ಜ್ವರ. ಕಾಡಂಚಿನ ಒಂದು ಹಳ್ಳಿಗೆ ಹಾಡಲು ಹೋಗಿ, ಬಸ್ಸಿಲ್ಲದೆ ಕಾಡಿನ ದಾರಿಯಲ್ಲಿ ನಡೆದು ಬಂದ ನೀಲಕ್ಕನೂ ಮಲಗಿದರು. ಬದುಕುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ. ಜ್ವರದ ಮತ್ತಿನಲ್ಲಿ ಅವರು ಏನನ್ನೋ ಗುನುಗುತ್ತಿದ್ದರಂತೆ, ತಗ್ಗಿನ ದನಿಯಲ್ಲಿ, ಯಾರೂ ಕಲಿಸದ ಒಂದು ಹಾಡು. ರುದ್ರಪ್ಪನವರು ಅದನ್ನು ಹೇಳುವಾಗ ದನಿ ಇಳಿಸಿದರು. "ಅದು ಅವಳ ಗಂಟಲಲ್ಲ ಕಣ್ರೀ. ನಮ್ಮತ್ತಿಗೆ ಗೌರವ್ವ ಪಕ್ಕದಲ್ಲೇ ಕೂತಿದ್ರು, ಅವರ ಮುಖ ಬಿಳಚಿಕೊಂಡ್ತು. ಏನತ್ತಿಗೆ ಅಂದ್ರೆ ಎದ್ದು ಅಡುಗೆಮನೆಗೆ ಹೋಗ್ಬಿಟ್ರು."

ಜ್ವರ ಬಿಟ್ಟಿತು, ದನಿ ಕೂಡಲೇ ಮರಳಲಿಲ್ಲ. ಮರಳಿದಾಗ ಅದು ಬೇರೆ ದನಿ. ಕರಿ ನಾಲ್ಕರಲ್ಲಿ ಸರಾಗವಾಗಿ ಓಡಾಡುತ್ತಿದ್ದವರು ಬಿಳಿ ಎರಡಕ್ಕೆ ಇಳಿದಿದ್ದರು, ಮೇಲೆ ಹತ್ತಲು ಹೋದರೆ ಗಂಟಲು ಒಡೆಯುತ್ತಿತ್ತು. ನಾನು ನೋಡಲು ಹೋದಾಗ ಒಳಗಿನಿಂದ "ಬಂದ್ರಾ ಮೇಷ್ಟ್ರೇ" ಎಂದು ಕೇಳಿಸಿತು. ಯಾರೋ ವಯಸ್ಸಾದ ಹೆಂಗಸು ಎಂದುಕೊಂಡೆ. ಹೊರಬಂದವರು ನೀಲಕ್ಕ. ಹಿತ್ತಿಲಲ್ಲಿ "ಬಾರೇ ಕೆಂಪಿ" ಎಂದು ಕರೆದರೆ ಅವರ ಹಸು ತಲೆಯೆತ್ತಿ, ಅವರನ್ನು ಬಿಟ್ಟು, ಅವರ ಬೆನ್ನ ಹಿಂದೆ ನೋಡುತ್ತಿತ್ತು. ಇದನ್ನು ನಾನೇ ಕಣ್ಣಾರೆ ಕಂಡೆ. ಹಿಂದೆ ಯಾರೂ ಇರಲಿಲ್ಲ, ನಾನು ಎರಡು ಸಲ ನೋಡಿದೆ.

ರುದ್ರಪ್ಪನವರಿಗೆ ಅಣ್ಣನ ಮಗಳೆಂದರೆ ಜೀವ. ಆದರೆ ಭಯ ಜೀವಕ್ಕಿಂತ ದೊಡ್ಡದು. "ಕಾಡಿಂದ ಬಂದಿರೋದು ನಮ್ಮ ನೀಲಿ ಅಲ್ಲ" ಎಂದು ಅವರು ನನ್ನ ಹತ್ತಿರ ಹೇಳಿದರು. ಮಾರನೇ ಬೇಸಿಗೆಯ ಪುಣ್ಯತಿಥಿಗೆ ಹಾಡುವುದು ಬೇಡ ಎಂದರು. ತಂಬೂರಿಯ ಶ್ರುತಿಯನ್ನೇ ಬಿಳಿ ಎರಡಕ್ಕೆ ಇಳಿಸಬಹುದಲ್ಲ ಎಂದು ನಾನು ಸೂಚಿಸಿದೆ. ನಾನೇನೋ ಅವರ ಅಪ್ಪನ ಕಾಲು ಕತ್ತರಿಸಲು ಹೇಳಿದ ಹಾಗೆ ನೋಡಿದರು. ನೀಲಕ್ಕ ಮಾತ್ರ ಹಟ ಹಿಡಿದರು: "ಕೂತು ಹಾಡ್ತೀನಿ ಚಿಕ್ಕಪ್ಪ. ಯಾರೂ ಹೂಂ ಅನ್ನದಿದ್ರೆ ಅವತ್ತಿಗೇ ಮುಗೀತು, ಮತ್ತೆ ಬಾಯಿ ತೆಗೆಯಲ್ಲ. ಆದ್ರೆ ಹಾಡದೇ ನಿಲ್ಸು ಅಂದ್ರೆ ಆಗಲ್ಲ." ಅವರಿಗೆ ಹಾಡು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಬಾಯಿ ಮುಚ್ಚಿದರೆ ಆಮೇಲೆ ಉಳಿಯುವುದೇನು?

ಪುಣ್ಯತಿಥಿಯ ಮಧ್ಯಾಹ್ನ ಪಡಸಾಲೆ ತುಂಬಿತ್ತು. ಹಿಂದಿನ ವರ್ಷಗಳಲ್ಲಿ ಹಾಡಿನ ನಡುವೆ ಮಂಗಗಳು ಹೆಂಚಿನ ಮೇಲೆ ದಡಬಡ ಓಡಿ ನನಗೆ ಸಿಟ್ಟು ಬರಿಸುತ್ತಿದ್ದವು. ಆ ವರ್ಷ ಹೆಂಚಿನ ಮೇಲೆ ಒಂದು ಸದ್ದಿಲ್ಲ. ಆ ಮೌನಕ್ಕಿಂತ ದಡಬಡವೇ ವಾಸಿ ಅನಿಸಿತು. ನಾನು ಎಂದಿನಂತೆ ಅಡುಗೆಮನೆಯ ಬಾಗಿಲ ಪಕ್ಕ ಕೂತೆ. ಅಲ್ಲಿ ಪಾನಕದ ಕೊಡ ಇರುತ್ತಿತ್ತು. ಕಲಾಯಿ ಹಾಕಿಸಿದ ಹಳೆಯ ಹಿತ್ತಾಳೆ ಕೊಡ, ಗುಂಡು ಹೊಟ್ಟೆ, ಗಿಡ್ಡ ಕುತ್ತಿಗೆ. ಗೌರವ್ವನ ಪಾನಕಕ್ಕೂ ಅಜ್ಜನ ತಂಬೂರಿಗೂ ನಡುವೆ ಆರಿಸು ಎಂದಿದ್ದರೆ ನಾನು ಏನು ಆರಿಸುತ್ತಿದ್ದೆನೆಂದು ಹೇಳಲಾರೆ. ಬಂದವರಿಗೆಲ್ಲ ಬಗ್ಗಿಸಿ ಕೊಡುವ ನೆಪದಲ್ಲಿ ನಾನೇ ಹೆಚ್ಚು ಕುಡಿಯುತ್ತಿದ್ದೆ.

ನೀಲಕ್ಕ ಬಿಳಿ ಎರಡರಲ್ಲಿ ಷಡ್ಜ ಹಿಡಿದರು. ಮುದುಕರು ಅಭ್ಯಾಸಬಲದಿಂದ ಕಣ್ಣು ಮುಚ್ಚಿದರು, ಮತ್ತೆ ತೆರೆದರು. ಒಳಗೆ ಅಜ್ಜ ಇರಲಿಲ್ಲ. ದನಿ ನೆಲದ ಮೇಲೆ ಹರಿದು ಬರುವ ಹಾಗೆ ಬರುತ್ತಿತ್ತು. ಚೆನ್ನಾಗಿತ್ತು, ನಾನು ಆವರೆಗೆ ಕೇಳಿದ್ದರಲ್ಲೆಲ್ಲ ಚೆನ್ನಾಗಿತ್ತು. ಆದರೆ ತಂಬೂರಿ ಶಾಲು ಹೊದ್ದು ಸುಮ್ಮನೆ ಕೂತಿತ್ತು. ಅವರು ಹಾಡುತ್ತಲೇ ಹೋದರು. ರುದ್ರಪ್ಪನವರು ತಲೆ ತಗ್ಗಿಸಿದರು. ಜನ ಒಬ್ಬರ ಮುಖ ಒಬ್ಬರು ನೋಡಲಾರದೆ ಗೋಡೆ ನೋಡಿದರು. ನನಗೆ ಸಂಕಟ ತಡೆಯಲಾಗಲಿಲ್ಲ, ಸಂಕಟವಾದರೆ ನನಗೆ ಬಾಯಾರಿಕೆ. ಕೊಡವನ್ನು ಎತ್ತಿ ಕೊನೆಯ ಹನಿಯವರೆಗೆ ಲೋಟಕ್ಕೆ ಬಸಿದು, ಗಟಗಟ ಕುಡಿದು, ಕೊಡವನ್ನು ನೆಟ್ಟಗೆ ಇಟ್ಟೆ.

ನನ್ನ ಕಿವಿಯ ಹತ್ತಿರ ಯಾರೋ "ಹೂಂ" ಎಂದರು.

ತಿರುಗಿ ನೋಡಿದೆ, ಯಾರೂ ಇಲ್ಲ. ನೀಲಕ್ಕ ಷಡ್ಜಕ್ಕೆ ಮರಳಿದಾಗ ಮತ್ತೆ "ಹೂಂ". ಈ ಸಲ ಉದ್ದವಾಗಿ. ಕೊಡದ ಹೊಟ್ಟೆಯ ಮೇಲೆ ಕೈಯಿಟ್ಟೆ. ಅದು ಮಲಗಿದ ಹಸುವಿನ ಹೊಟ್ಟೆಯಂತೆ ಅದುರುತ್ತಿತ್ತು. ಅನುರಣನ, ಅನುರಣನ ಎಂದು ಮನಸ್ಸಿನಲ್ಲೇ ಜಪಿಸಿದೆ. ಕೊಡ ಖಾಲಿಯಾಗಿದೆ, ಒಳಗಿನ ಗಾಳಿಗೆ ಬಿಳಿ ಎರಡು ಒಪ್ಪಿದೆ, ಅಷ್ಟೆ. ಎಲ್ಲ ಗೊತ್ತಿದ್ದೂ ಮೈಮೇಲಿನ ಕೂದಲು ನಿಂತಿತು. ಅಷ್ಟರಲ್ಲಿ ಗೌರವ್ವ, ಎಂದೂ ಹೊಸ್ತಿಲು ದಾಟದವರು, ಸೌಟು ಹಿಡಿದುಕೊಂಡೇ ಹೊರಗೆ ಬಂದು, ಮಗಳನ್ನು ನೋಡದೆ, ನನ್ನನ್ನು ನೋಡದೆ, ಕೊಡದ ಕಡೆಗೆ ಬಗ್ಗಿ ಕೇಳಿದರು:

"ಅತ್ತೆ?"

ಹಾಡು ನಿಂತಿತು, ಕೊಡವೂ ನಿಂತಿತು. ಗೌರವ್ವ ನೆಲದ ಮೇಲೆ ಕೂತು ಹೇಳಿದರು. ಕೊಡ ಅವರ ಅತ್ತೆಯದು, ಎಂದರೆ ದೊಡ್ಡ ಗವಾಯಿಗಳ ಹೆಂಡತಿಯದು. ಅತ್ತೆ ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದರು. ಪಡಸಾಲೆಯಿಂದ ಮಾವ "ಒಳಗ್ಯಾರದು ಅಪಸ್ವರ?" ಎಂದು ಗದರುತ್ತಿದ್ದರು. "ಅದಕ್ಕೆ ಅತ್ತೆಯೋರು ದನಿ ತಗ್ಗಿಸಿದ್ರು. ಮತ್ತೂ ತಗ್ಗಿಸಿದ್ರು. ಪಡಸಾಲೆಗೆ ಕೇಳಬಾರ್ದಲ್ಲ. ಕೊನೆಕೊನೆಗೆ ಪಕ್ಕದಲ್ಲಿ ಕೂತ ನಂಗೂ ಕೇಳ್ತಿರಲಿಲ್ಲ, ಖಾಲಿ ಕೊಡ ಗುಂಯ್ ಅಂದ್ರೆ ಓ, ಅತ್ತೆ ಹಾಡ್ತಾವ್ರೆ ಅಂತ ಗೊತ್ತಾಗೋದು. ನಮ್ಮ ನೀಲಿ ಜ್ವರದಾಗೆ ಗುನುಗಿದ್ದೂ ಅದೇ ಹಾಡು. ಅತ್ತೆ ಸತ್ತಾಗ ಇವಳು ಹುಟ್ಟೇ ಇರ್ಲಿಲ್ಲ."

ರುದ್ರಪ್ಪನವರು "ಅವ್ವಾ" ಎಂದರು. ಅಷ್ಟು ದೊಡ್ಡ ಮನುಷ್ಯ, ಎಲ್ಲರೆದುರು ಮಗುವಿನ ಹಾಗೆ ಅತ್ತರು. ಎದ್ದು ತಂಬೂರಿಯ ಕೊರಳಿನ ಶಾಲನ್ನು ತೆಗೆದು, ತಂದು, ಭಕ್ತಿಯಿಂದ ಕೊಡಕ್ಕೆ ಹೊದಿಸಿ, "ಹಾಡವ್ವ" ಎಂದರು. ನೀಲಕ್ಕ ಹಾಡಿದರು. ಕೊಡ ಉಸಿರೆತ್ತಲಿಲ್ಲ. ಶಾಲು ಬಾಯಿ ಮುಚ್ಚಿದರೆ ಗಾಳಿ ಹೇಗೆ ಮಿಡಿದೀತು? ಹೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಗೌರವ್ವ ಸೌಟು ಎತ್ತಿದ್ದರು.

"ತೆಗೀರಿ ಅದನ್ನ! ಬದುಕಿದ್ದಾಗ ಮುಚ್ಚಿದ್ದು ಸಾಲದಾ?"

ಶಾಲು ತೆಗೆದರು. ನೀಲಕ್ಕ ಮತ್ತೆ ಷಡ್ಜ ಹಿಡಿದರು, ಕೊಡ ಹೂಂ ಎಂದಿತು, ಸಂಜೆ ದೀಪ ಹಚ್ಚುವವರೆಗೂ ಅಜ್ಜಿ ಮೊಮ್ಮಗಳು ಹಾಡಿದರು. ಪಡಸಾಲೆಯಲ್ಲಿ ಯಾರೂ ಕಣ್ಣು ಮುಚ್ಚಲಿಲ್ಲ. ಬಹುಶಃ ಹೆದರಿಕೆಗೆ.

ಆಮೇಲೆ ಬಹಳ ವರ್ಷ ನೀಲಕ್ಕ ಹೋದಲ್ಲೆಲ್ಲ ಆ ಕೊಡವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. ಕಛೇರಿ ಏರ್ಪಡಿಸಿದವರು ಅಂದಕ್ಕೆಂದು ಅದರೊಳಗೆ ಹೂವು ತುಂಬಿದರೆ ಖಾಲಿ ಮಾಡಿಸುತ್ತಿದ್ದರು. "ಅಜ್ಜನ ಕೈಯಿಂದ ತಪ್ಪಿಸ್ಕೊಂಡು ಅಜ್ಜಿ ಕೈಗೆ ಸಿಕ್ಕೆ ನೋಡಿ ಮೇಷ್ಟ್ರೇ" ಎಂದರು ಒಮ್ಮೆ. ಈ ಸಲದ ನಗು ಚೆನ್ನಾಗಿತ್ತು. ಆ ದಿನ ಪಾನಕವನ್ನು ಕೊನೆಯ ಹನಿಯವರೆಗೆ ಕುಡಿದು ಮುಗಿಸಿದ್ದೇ ಸಂಗೀತಕ್ಕೆ ನಾನು ಸಲ್ಲಿಸಿದ ಏಕೈಕ ಸೇವೆ. ಯಾರೂ ಇನ್ನೂ ಅದಕ್ಕೆ ಸನ್ಮಾನ ಮಾಡಿಲ್ಲ.

ಕೊಡ ಬೋರಲು ಹಾಕುವ ಅಭ್ಯಾಸ ಶುರುವಾದದ್ದು ಆಗಿನಿಂದ. ನಮ್ಮ ಮನೆಯಲ್ಲೂ ಅಜ್ಜಿಯಂದಿರು, ಅಮ್ಮಂದಿರು ಆಗಿಹೋಗಿದ್ದಾರೆ. ಅವರಲ್ಲಿ ಯಾರು ಏನನ್ನು ತಗ್ಗಿಸಿಕೊಂಡಿದ್ದರೋ ನನಗೆ ಗೊತ್ತಿಲ್ಲ. ಗೊತ್ತಾಗಿಬಿಟ್ಟರೆ ಎಂಬ ಅಂಜಿಕೆ. ಮೊನ್ನೆ ಇದನ್ನು ಬರೆಯಲು ಕೂತಾಗ ನಾಚಿಕೆಯೆನಿಸಿ, ಒಂದು ಕೊಡವನ್ನು ನೆಟ್ಟಗೆ ತಿರುಗಿಸಿಟ್ಟು ಬಂದೆ. ಒಳಗೆ ಹೆಂಡತಿ ಸೊಪ್ಪು ಸೋಸುತ್ತಾ ಏನೋ ಗುನುಗುತ್ತಿದ್ದಳು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಅದನ್ನು ಕೇಳಿದ್ದು ಅದೇ ಮೊದಲು. ಇನ್ನೂ ಚೆನ್ನಾಗಿ ಕೇಳಲೆಂದು ಬಾಗಿಲವರೆಗೆ ಹೋದೆ. ಕಾಲಸಪ್ಪಳಕ್ಕೆ ಅವಳು ಥಟ್ಟನೆ ನಿಲ್ಲಿಸಿದಳು. "ಏನು ಬೇಕಿತ್ರೀ?" ಎಂದಳು. ಏನಿಲ್ಲ ಎಂದು ಬಂದು ಕೂತೆ. ಸ್ವಲ್ಪ ಹೊತ್ತು ಬಿಟ್ಟು ಅವಳು ಮತ್ತೆ ಶುರುಮಾಡಿರಬೇಕು, ದನಿ ತಗ್ಗಿಸಿ. ನನಗೆ ಏನೂ ಕೇಳಿಸಲಿಲ್ಲ.

ಕೊಡಕ್ಕೆ ಕೇಳಿಸಿತು.